ದೇವರು ಹಗುರ ಮಾಡಲಿ

ನಮ್ಮ ಖಾಲ್ತೊ ಉಮ್ ವಿಸಾಮ್‌ಳನ್ನು "ಹೇಗಿದ್ದೀರಿ" ಎಂದು ಕೇಳಿ ನಿಜವಾದ ಉತ್ತರ ಪಡೆದವರು ಇಡೀ ಅಮ್ಮಾನ್ ಊರಿನಲ್ಲಿ ಒಬ್ಬರೂ ಇಲ್ಲ. ಖಾಲ್ತೊ ಅಂದರೆ ಅಮ್ಮನ ತಂಗಿ. ನಮ್ಮಲ್ಲಿ ಅವಳನ್ನು ನಾವು ಖಾಲ್ತೊ ಎನ್ನುತ್ತೇವೆ, ಅವಳೂ ಪ್ರೀತಿಗೆ ನಮ್ಮನ್ನು ಖಾಲ್ತೊ ಎಂದೇ ಕರೆಯುತ್ತಾಳೆ. ಯಾರು ಏನೇ ಕೇಳಲಿ, "ಅಲ್ಹಮ್ದುಲಿಲ್ಲಾ", ಎಲ್ಲ ದೇವರ ದಯೆ, ಅಷ್ಟೇ ಅವಳ ಉತ್ತರ. ಹಲ್ಲು ಕೀಳಿಸಿಕೊಂಡು ಬಂದ ದಿನವೂ ಅದೇ, ಗಂಡ ತೀರಿಕೊಂಡ ದಿನವೂ ಅದೇ. ಎರಡು ಮೂತ್ರಪಿಂಡಗಳೂ ಕೈಕೊಟ್ಟು, ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ನಾಲ್ಕು ಗಂಟೆ ಕೂರುವುದು ಶುರುವಾದ ಮೇಲೂ ಅದು ಬದಲಾಗಲಿಲ್ಲ.

ನನ್ನ ಕೆಲಸವೂ ಅದೇ ಕುರ್ಚಿಗೆ ಸೇರಿದ್ದು. ಲ್ವೈಬ್ದೆ ಗುಡ್ಡದಲ್ಲಿ, ಲಿಫ್ಟ್ ಇದ್ದೂ ಇಲ್ಲದಂಥ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ನಮ್ಮ ಆಫೀಸು. ನಾವು ನಡೆಸುವ ಕಂಪ್ಯೂಟರ್ ಪ್ರೋಗ್ರಾಂನ ಹೆಸರು 'ಕುರ್ಸಿ'. ಡಯಾಲಿಸಿಸ್‌ನವರು ಪರವೂರಿಗೆ ಹೊರಟರೆ ಅಲ್ಲೊಂದು ಕುರ್ಚಿ ಮೊದಲೇ ಗೊತ್ತಾಗಿರಬೇಕು. ಇಲ್ಲದಿದ್ದರೆ ನಾಲ್ಕನೇ ದಿನ, ಐದನೇ ದಿನ ಜೀವಕ್ಕೇ ಸಂಚಕಾರ. ನಮ್ಮ ಪ್ರೋಗ್ರಾಂ ಬೇರೆ ದೇಶದ ಕೇಂದ್ರಗಳ ಪ್ರೋಗ್ರಾಂಗಳನ್ನು "ಇಂಥವರು ಬರುತ್ತಿದ್ದಾರೆ, ಇಂಥ ದಿನಗಳಲ್ಲಿ ಕುರ್ಚಿ ಇದೆಯೇ" ಎಂದು ಕೇಳುತ್ತದೆ, ಅವು ಉತ್ತರ ಕೊಡುತ್ತವೆ. ನಮ್ಮದು ಡಾಟ್‌ನೆಟ್‌ನಲ್ಲಿ ಬರೆದದ್ದು, ಮೊರಾಕ್ಕೊ ದೇಶದ ಫೆಸ್ ಊರಿನವರದು ಜಾವಾದಲ್ಲಿ ಬರೆದದ್ದು, ಅಂದರೆ ಎರಡರ ಕಂಪ್ಯೂಟರ್ ಭಾಷೆಯೂ ಬೇರೆ. ಹೌದು ಎಂಬ ಉತ್ತರ ಎಲ್ಲಿಂದ ಎಲ್ಲಿಗೆ ಬಂದರೂ ತಕರಾರಿಲ್ಲ. ತಕರಾರೆಲ್ಲ ಇಲ್ಲ ಎನ್ನುವಾಗ. ಯಾಕೆ ಇಲ್ಲ, ಎಷ್ಟು ದಿನ ಇಲ್ಲ, ಬದಲಿಗೆ ಏನು ಮಾಡಬಹುದು, ಇದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ರೀತಿಯಲ್ಲಿ ಗಂಟು ಕಟ್ಟಿ ಕಳಿಸುತ್ತಾರೆ. ಗಂಟಿನ ಮೇಲೆ ಮನುಷ್ಯರು ಓದಲಿ ಎಂದು ಒಂದು ಸಾಲು ಬರೆದಿರುತ್ತದೆ. ಗಂಟು ಬಿಚ್ಚಲು ಬಾರದ ಪ್ರೋಗ್ರಾಂ ಆ ಸಾಲನ್ನಷ್ಟೇ ಇಟ್ಟುಕೊಂಡು ಗಂಟನ್ನು ಎಸೆಯುತ್ತದೆ. ಒಂಬತ್ತು ವರ್ಷ ಇದೇ ಕೆಲಸ ಮಾಡಿದ ನನಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿದ್ದೂ ಏನು ಮಾಡಿಟ್ಟಿದ್ದೆ ಎಂಬುದೇ ಈ ಕಥೆ.

ಖಾಲ್ತೊಳ ಮಗಳು ರವಾನ್ ಫೆಸ್ ಊರಿನವನನ್ನು ಮದುವೆಯಾಗಿ ಅಲ್ಲೇ ಇದ್ದಾಳೆ. ಏಳು ವರ್ಷ ಕಾದು ಬಸುರಿಯಾಗಿದ್ದಳು. ಹೆರಿಗೆಗೆ ಅಮ್ಮ ಬರಲೇಬೇಕೆಂದು ಫೋನಿನಲ್ಲಿ ಅತ್ತಳು. ಅಮ್ಮ ಅಳಲಿಲ್ಲ, ಗುರುವಾರಕ್ಕೆ ಟಿಕೆಟ್ ತೆಗೆಸಿದಳು. ಡಯಾಲಿಸಿಸ್ ಕೇಂದ್ರದ ನರ್ಸ್ ಇಂತಿಸಾರ್ 'ಕುರ್ಸಿ'ಯಲ್ಲಿ ಅರ್ಜಿ ಹಾಕಿಕೊಟ್ಟಳು. ಇದ್ಯಾವುದನ್ನೂ ನನಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ತೊಂದರೆ ಕೊಡಬಾರದಂತೆ.

ಭಾನುವಾರ, ನಮ್ಮಲ್ಲಿ ಅದೇ ವಾರದ ಮೊದಲ ಕೆಲಸದ ದಿನ, ಆಫೀಸು ಬಿಟ್ಟ ಮೇಲೆ ಅಶ್ರಫಿಯ್ಯೆ ಬಡಾವಣೆಯ ಖಾಲ್ತೊಳ ಮನೆಗೆ ಹೋದಾಗ ಪೆಟ್ಟಿಗೆ ಬಾಯಿ ತೆರೆದುಕೊಂಡು ನಡುಮನೆಯಲ್ಲಿ ಬಿದ್ದಿತ್ತು. ಒಣಮೊಸರಿನ ಉಂಡೆ, ಎರಡು ಕಿಲೊ ಝಾತರ್ ಸೊಪ್ಪಿನ ಪುಡಿ, ಬಾಣಂತಿ ಮನೆಯಲ್ಲಿ ಮಾಡುವ ಕರಾವ್ಯಾ ಪಾಯಸದ ಹಿಟ್ಟು. ಅವಳು ಹಾಕಿಕೊಳ್ಳುವ ಬಟ್ಟೆ ಒಂದೂ ಇರಲಿಲ್ಲ. ಕುರ್ಚಿ ಗೊತ್ತಾಯಿತೇ ಎಂದು ಕೇಳಿದೆ. ಆಯಿತೆಂದೇ ಲೆಕ್ಕ ಎಂದು, ನಾಲ್ಕು ಮಡಿಕೆ ಮಾಡಿಟ್ಟಿದ್ದ ಕಾಗದ ಬಿಡಿಸಿ ನನ್ನ ಕೈಗಿಟ್ಟಳು. ನಮ್ಮದೇ ಪ್ರೋಗ್ರಾಂನಿಂದ ಪ್ರಿಂಟ್ ತೆಗೆದದ್ದು. 'ಅರ್ಜಿಯ ಸ್ಥಿತಿ: ನಡೆಯುತ್ತಿದೆ.' ಅದರ ಕೆಳಗೆ, 'ಸಂದೇಶ: ಅಲ್ಲಾಹ್ ಇಸಹ್ಹಿಲ್.' ದೇವರು ಹಗುರ ಮಾಡಲಿ ಎಂದು.

"ನೋಡಿದ್ಯಾ ಖಾಲ್ತೊ," ಎಂದಳು, "ನಿನ್ನ ಕಂಪ್ಯೂಟರಿಗೂ ದೇವರು ದಿಂಡರು ಅಂತ ಇದೆ. ನಿನಗೇ ಇಲ್ಲ."

ನಾನೂ ನಕ್ಕೆ. ನಮ್ಮಲ್ಲಿ ಪರೀಕ್ಷೆಗೆ ಹೋಗುವವರಿಗೆ, ಆಪರೇಷನ್‌ಗೆ ಹೋಗುವವರಿಗೆ, ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೊರಟಿರುವವರಿಗೆ ಹಾಗೆ ಹೇಳುತ್ತೇವೆ. ಕೆಲಸ ಆಗುವ ದಾರಿಯಲ್ಲಿದೆ ಎಂದರ್ಥ. ಚಹಾ ಕುಡಿದು ಮೆಟ್ಟಿಲಿಳಿಯುವಾಗ ಮಾತ್ರ ಏನೋ ಚುಚ್ಚಿತು. ನಮ್ಮ ಪ್ರೋಗ್ರಾಂ ತೋರಿಸುವ ಸಂದೇಶಗಳಲ್ಲಿ ಮುಕ್ಕಾಲು ಪಾಲು ನಾನೇ ಬರೆದದ್ದು. ಯಾರಿಗೂ ಹರಸುವ ಸಂದೇಶವೊಂದನ್ನೂ ನಾನು ಬರೆದಿಲ್ಲ. ಖಾಲ್ತೊ ಹೇಳಿದ್ದು ಸರಿಯೇ, ನನಗೆ ಅಂಥದ್ದೆಲ್ಲ ಇಲ್ಲ. ಹಾಗಾದರೆ ಹರಸಿದವರು ಯಾರು?

ಮರುದಿನ ಬೆಳಿಗ್ಗೆ ಆಫೀಸಿಗೆ ಹೋದವಳೇ ಅರ್ಜಿಯ ಸಂಖ್ಯೆ ಹಾಕಿ ದಾಖಲೆ ತೆಗೆದೆ. ಫೆಸ್‌ನಿಂದ ಬಂದದ್ದು ಒಪ್ಪಿಗೆಯಲ್ಲ, ಎರರ್. ಮೇಲಿನ ಸಾಲಿನಲ್ಲಿ 'ದೇವರು ಹಗುರ ಮಾಡಲಿ'. ಕೆಳಗೆ ಜಾವಾದವರು ತಮ್ಮ ಪದ್ಧತಿಯಲ್ಲೇ ಕಟ್ಟಿದ ಗಂಟು, ನಮ್ಮ ಕಡೆ ಯಾರಿಗೂ ಬಿಚ್ಚಲು ಬಾರದ ಮೂವತ್ತು ಸಾಲು ಅಕ್ಷರ. ಗುರುತು ಸಿಗದ ಎರರ್ ಬಂದರೆ ನಮ್ಮ ಪ್ರೋಗ್ರಾಂ ಏನು ಮಾಡಬೇಕೆಂದು ಬರೆದಿದ್ದ ಜಾಗವನ್ನೂ ತೆರೆದೆ. 'ನಡೆಯುತ್ತಿದೆ ಎಂದು ತೋರಿಸು, ಮೇಲಿನ ಸಾಲನ್ನು ಹಾಗೇ ಕೆಳಗೆ ಹಾಕು.' ಪಕ್ಕದಲ್ಲಿ ಒಂದು ಟಿಪ್ಪಣಿ: 'ತಾತ್ಕಾಲಿಕ. ಭಾನುವಾರ ಬಂದು ಸರಿಮಾಡುವುದು. ಅಬೀರ್.' ಅಬೀರ್ ಅಂದರೆ ನಾನೇ. ಯಾವುದೋ ಗುರುವಾರ ಮಧ್ಯಾಹ್ನ, ಶುಕ್ರವಾರ ಶನಿವಾರದ ರಜೆಗೆ ಹೊರಡುವ ಗಡಿಬಿಡಿಯಲ್ಲಿ ಬರೆದದ್ದು. ಆಮೇಲೆ ನೂರು ಭಾನುವಾರ ಬಂದು ಹೋಗಿದ್ದವು.

ಫೆಸ್‌ನ ಗಡಿಯಾರ ನಮಗಿಂತ ಎರಡು ಗಂಟೆ ಹಿಂದೆ. ಅಲ್ಲಿ ಆಫೀಸು ತೆರೆಯುವ ತನಕ, ಅಂದರೆ ನಮ್ಮ ಹನ್ನೊಂದರ ತನಕ, ಉಗುರು ಕಚ್ಚುತ್ತ ಕೂತಿದ್ದು ಫೋನು ಮಾಡಿದೆ. ಅಲ್ಲಿನ ಪ್ರೋಗ್ರಾಂ ಬರೆದವನು ಅಬ್ದಲ್‌ಹಖ್ ಎಂಬ ಐವತ್ತರ ಮೇಲಿನ ಮನುಷ್ಯ. ಮೂರು ವರ್ಷದಿಂದ ಇಬ್ಬರೂ ಬರೀ ಇಂಗ್ಲಿಷಿನ ಈಮೇಲ್‌ನಲ್ಲಿ ಮಾತಾಡಿದ್ದೆವು, ಅದೂ ಮೂರು ಮೂರು ಸಾಲು. ಅವನ ಅರಬ್ಬಿಯನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಅರಬ್ಬಿ, ಅವರ ಅರಬ್ಬಿ ಎಂದರೆ ಹೆಸರು ಒಂದೇ, ಸ್ವರ ಬೇರೆ, ಬಳಕೆ ಬೇರೆ, ಕೆಲವು ಸಲ ಅರ್ಥವೂ ಬೇರೆ. ಕುಶಲ ಕೇಳುವುದಕ್ಕೇ ಐದು ನಿಮಿಷ ತೆಗೆದುಕೊಂಡ. ನಾನು ಅವಸರದಲ್ಲಿ ಅರ್ಜಿಯ ಸಂಖ್ಯೆ ಹೇಳಿ, ಕುರ್ಚಿ ಇದೆಯೋ ಇಲ್ಲವೋ ಎಂದೆ.

"ಇಲ್ಲಂತ ಬುಧವಾರನ ಹೇಳೀವಲ್ರೀ ಲಾಲ್ಲಾ," ಎಂದ. ಲಾಲ್ಲಾ ಎಂದರೆ ಅವರಲ್ಲಿ ಅಮ್ಮಾವರೇ ಎಂದ ಹಾಗೆ.

"ಎಲ್ಲಿ ಹೇಳಿದೀರಿ ಉಸ್ತಾದ್? ದೇವರು ಹಗುರ ಮಾಡಲಿ ಅಂತ ಮಾತ್ರ ಇದೆ."

"ಮತ್ತ? ಅದು ಇಲ್ಲ ಅಂದಂಗ ಅಲ್ಲೇನ್ರೀ? ಓಣ್ಯಾಗ ಯಾರರ ಏನರ ಮಾರಾಕ ಬಂದ್ರ, ನಮಗ ಬ್ಯಾಡಾಗಿದ್ರ, ಹಂಗ ಅಂತೀವಿ. ಬಾಗಲಿಗೆ ಬೇಡಾಕ ಬಂದವ್ರಿಗೂ ಹಂಗ. ಮುಂದಕ ಹೋಗ್ರಿ ಅಂದಂಗ. ಸಣ್ಣ ಹುಡುಗರಿಗೂ ತಿಳೀತೈತಿ."

ನಮ್ಮ ಕಡೆ ಅದರ ಅರ್ಥವೇನೆಂದು ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಹೇಳಿಸಿದ. ಆಮೇಲೆ ನಾನು ರೇಗಿದೆ. ಇಲ್ಲ ಎಂಬ ಎರಡಕ್ಷರ ಬರೆಯಲು ನಿಮಗೇನು ಬೇನೆ ಎಂದೇ ಕೇಳಿಬಿಟ್ಟೆ.

"ಜಡ್ಡಾದವ್ರಿಗೆ ಮಾರಿ ಮ್ಯಾಲ ಇಲ್ಲ ಅಂತ ಹ್ಯಾಂಗ ಅನ್ನೋದ್ರೀ?" ಎಂದ ಅವನು, ಸ್ವಲ್ಪವೂ ಸ್ವರ ಏರಿಸದೆ. "ಮ್ಯಾಲ ಮೆತ್ತಗ ಹೇಳೀನಿ. ಖರೇ ಸುದ್ದಿ ಎಲ್ಲಾ ಒಳಗ ಬರದೀನಿ. ನೀವು ಒಳಗ ನೋಡಲಿಲ್ಲೇನು?"

ಒಳಗಿನದನ್ನು ನಿಮ್ಮ ಜಾವಾ ಮಾತ್ರ ಬಿಚ್ಚಬಲ್ಲ ಗಂಟು ಹಾಕಿದ್ದೀರಿ, ನಮ್ಮದು ಬೇರೆ ಮನೆ, ಇಲ್ಲಿ ಅದು ಯಾರಿಗೂ ತೆರೆಯುವುದಿಲ್ಲ ಎಂದೆ. ಆ ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಒಪ್ಪಿಕೊಂಡವನು ಅಷ್ಟಕ್ಕೇ ಬಿಡಲಿಲ್ಲ.

"ಬಿಚ್ಚಾಕ ಬರಲಿಲ್ಲ ಅಂದ್ರ ತಿಳೀಲಿಲ್ಲ ಅನಬೇಕಲ್ರೀ ಲಾಲ್ಲಾ. ನಡದೈತಿ ಅಂತ ತೋರಸ್ರಿ ಅಂತ ನಿಮಗ ಯಾರು ಹೇಳಿದ್ರು?"

ಗಂಟಿನಲ್ಲಿ ಏನಿತ್ತೆಂದು ಓದಿ ಹೇಳಿ ಎಂದೆ.

ಅವನು ಓದಿದ. ಫೆಸ್‌ನಲ್ಲಿ ಇಪ್ಪತ್ತಾರನೇ ತಾರೀಖಿನವರೆಗೆ ಕುರ್ಚಿ ಇಲ್ಲ. ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಮೆಕ್ನೆಸ್ ಕೇಂದ್ರದಲ್ಲಿ ಶನಿವಾರ, ಮಂಗಳವಾರ, ಗುರುವಾರ ಬೆಳಗಿನ ಕುರ್ಚಿ ಇದೆ. ಅದನ್ನು ಈ ರೋಗಿಯ ಹೆಸರಿನಲ್ಲಿ ಐದು ದಿನ ಹಿಡಿದಿಡಲಾಗಿದೆ. ಒಪ್ಪಿಗೆಯ ಜೊತೆಗೆ ಹಿಂದಿನ ಆರು ಸಲದ ಡಯಾಲಿಸಿಸ್ ಹಾಳೆ ಕಳಿಸುವುದು. ಗಡುವು ಸೋಮವಾರ ಹಗಲು ಹನ್ನೆರಡು ಗಂಟೆ.

ಸೋಮವಾರ ಅಂದರೆ ಆ ದಿನವೇ. ಅಲ್ಲಿನ ಹನ್ನೆರಡು ನಮ್ಮ ಎರಡು. ಐದು ದಿನ ಖಾಲ್ತೊಳ ಹೆಸರಿನಲ್ಲಿ ಒಂದು ಕುರ್ಚಿ ಕಾಯುತ್ತ ಕೂತಿತ್ತು, ನಾನು ಬರೆದ ನಾಲ್ಕು ಸಾಲು ಅದನ್ನು ಕಸದಬುಟ್ಟಿಗೆ ಹಾಕಿದ್ದವು. ಇಂತಿಸಾರ್‌ಗೆ ಫೋನು ಮಾಡಿ ಹಾಳೆಗಳನ್ನು ತರಿಸಿಕೊಂಡು ಅವನಿಗೆ ಕಳಿಸಿದೆ. ಇಪ್ಪತ್ತು ನಿಮಿಷಕ್ಕೆ ಅವನೇ ಫೋನು ಮಾಡಿದ. ಮೆಕ್ನೆಸ್‌ನ ಡಾಕ್ಟರಮ್ಮ ಒಪ್ಪುತ್ತಿಲ್ಲ. ಆರೂ ಹಾಳೆಯಲ್ಲಿ ಮೂರನೇ ಗಂಟೆಗೆ ರಕ್ತದೊತ್ತಡ ಎಂಬತ್ತಕ್ಕೆ ಇಳಿದಿದೆ. ರೋಗಿ ಹೇಳಿದ ತೊಂದರೆಗಳು ಎಂಬ ಕಡೆ ಆರು ಸಲವೂ ಒಂದೇ ಬರಹ, 'ಅಲ್ಹಮ್ದುಲಿಲ್ಲಾ'. ಒತ್ತಡ ಅಷ್ಟು ಇಳಿದವರಿಗೆ ಏನೂ ಆಗದೆ ಇರುವುದಿಲ್ಲ, ಏನಾಗುತ್ತದೆಂದು ತಿಳಿಯದೆ ಗುರುತಿಲ್ಲದ ಹೆಂಗಸನ್ನು ನಾನು ಕೂರಿಸಿಕೊಳ್ಳುವುದಿಲ್ಲ, ಎಂದಳಂತೆ.

"ಆಕಿ ಹೇಳೋದು ಖರೇ ಐತ್ರೀ," ಎಂದ ಅಬ್ದಲ್‌ಹಖ್. "ಎರಡರ ಒಳಗ ನಿಮ್ಮ ಖಾಲ್ತೊನ್ನ ಮಾತಾಡಸ್ರಿ."

ಸೋಮವಾರ ಅವಳ ಡಯಾಲಿಸಿಸ್ ದಿನ, ಟ್ಯಾಕ್ಸಿ ಹಿಡಿದು ಕೇಂದ್ರಕ್ಕೆ ಹೋದಾಗ ಹನ್ನೆರಡೂಮುಕ್ಕಾಲು. ಹದಿನೈದು ಕುರ್ಚಿಗಳ ಸಾಲಿನಲ್ಲಿ ಕಿಟಕಿ ಪಕ್ಕದ್ದು ಖಾಲ್ತೊಳದು. ಹೊದಿಕೆಯೊಳಗಿಂದ ಒಂದು ಕೈ ಮಾತ್ರ ಹೊರಗೆ, ಅದರಿಂದ ಎರಡು ಕೊಳವೆ. ನನ್ನನ್ನು ಕಂಡವಳೇ ಹುಬ್ಬು ಗಂಟಿಕ್ಕಿದಳು. ಆಫೀಸಿನ ಹೊತ್ತಿನಲ್ಲಿ ಇಲ್ಲೇನು ಕೆಲಸ, ಕುರ್ಚಿ ಆಯಿತಾ ಎಂದಳು.

ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಸಾಲು ಜೋಡಿಸಿಕೊಂಡು ಬಂದಿದ್ದೆ. ಮೊದಲು ಇಲ್ಲ ಎನ್ನಬೇಕು, ಆಮೇಲೆ ಯಾಕೆ, ಆಮೇಲೆ ಬದಲಿಗೆ ಏನು. ಅವಳ ಮುಖ ನೋಡಿದೆ. ಪಕ್ಕದಲ್ಲಿ, ಕುರ್ಚಿಗೆ ಆನಿಸಿಟ್ಟಿದ್ದ ಕೈಚೀಲದಿಂದ ಅರ್ಧ ಹೆಣೆದ ಹಳದಿ ಉಲ್ಲನ್ನಿನ ಟೊಪ್ಪಿ ಇಣುಕುತ್ತಿತ್ತು. ನನ್ನ ಬಾಯಿಂದ ಬಂದದ್ದು, "ದೇವರು ಹಗುರ ಮಾಡ್ಲಿ ಖಾಲ್ತೊ."

"ಹಾಗಾದ್ರೆ ಇಲ್ಲ," ಎಂದಳು.

"ನಿನಗೆ ಹೇಗೆ ಗೊತ್ತು?"

"ನೀನು ದೇವರ ಹೆಸರು ಎತ್ತೋದು ಕೈಲಾಗದೆ ಇದ್ದಾಗ ಮಾತ್ರ. ಹುಟ್ಟಿದಾಗಿಂದ ನೋಡ್ತಿದೀನಿ ನಿನ್ನ."

ಅಬ್ದಲ್‌ಹಖ್‌ನ ಮೇಲೆ ಹಾರಿಬಿದ್ದವಳು ನಾನು. ಅದೇ ಮಾತನ್ನು ಅದೇ ಕಾರಣಕ್ಕೆ ನಾನೂ ಆಡಿದ್ದೆ. ನಾಚಿಕೆಯಾಯಿತು. ಒಂದು ಸ್ಟೂಲು ಎಳೆದುಕೊಂಡು ಕೂತು, ಫೆಸ್‌ನಲ್ಲಿ ಕುರ್ಚಿ ಇಲ್ಲವೆಂದೂ, ಮೆಕ್ನೆಸ್‌ನಲ್ಲಿ ಇದೆಯೆಂದೂ, ಅದು ಇನ್ನು ಒಂದು ಗಂಟೆ ಮಾತ್ರ ಇರುತ್ತದೆಂದೂ, ಇಷ್ಟಾದದ್ದು ನನ್ನ ತಪ್ಪಿನಿಂದ ಎಂದೂ ಬಿಡಿಬಿಡಿಯಾಗಿ ಹೇಳಿದೆ. ಇಂತಿಸಾರ್ ಹಾಳೆ ಹಿಡಿದುಕೊಂಡು ಬಂದು ನಿಂತಳು. ಇಲ್ಲಿ ಕೂತಾಗ ನಿನಗೆ ಏನೇನಾಗುತ್ತದೆ ಹೇಳು ಎಂದೆ.

"ಅಲ್ಹಮ್ದುಲಿಲ್ಲಾ."

ನನಗೆ ತಡೆಯಲಾಗಲಿಲ್ಲ. "ಅದು ಮೇಲಿನ ಸಾಲು ಖಾಲ್ತೊ. ಆರು ಸಲ ಅದನ್ನೇ ಓದಿ ಅಲ್ಲಿಯ ಡಾಕ್ಟ್ರು ಬಾಗಿಲು ಹಾಕಿದಾರೆ. ಒಳಗಡೆ ಇರೋದು ಹೇಳು. ಹೇಳದೆ ಹೋದ್ರೆ ನೀನು ರವಾನ್ ಮುಖ ನೋಡಲ್ಲ, ಅಷ್ಟೇ."

ಪಕ್ಕದ ಕುರ್ಚಿಯ ಮುದುಕ ಟಿ.ವಿ.ಯ ದನಿ ಕಡಿಮೆ ಮಾಡಿದ, ಸಂಕೋಚಕ್ಕೋ ಕುತೂಹಲಕ್ಕೋ. ಖಾಲ್ತೊ ಕಿಟಕಿಯ ಕಡೆ ತಿರುಗಿದಳು. ಒಂದೂಕಾಲು ದಾಟಿತು. ಇನ್ನು ಇವಳು ಬಾಯಿ ಬಿಡುವುದಿಲ್ಲ ಎಂದುಕೊಳ್ಳುವಾಗ, ಕಿಟಕಿಗೆ ಹೇಳುವಂತೆ ಶುರುಮಾಡಿದಳು.

"ಮೂರನೇ ಗಂಟೆಗೆ ಬರುತ್ತೆ. ಎಡಗಾಲು. ಮೊಣಕಾಲಿನ ಕೆಳಗೆ, ಹಿಂದುಗಡೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತೆ. ಆಮೇಲೆ ಕಣ್ಣು ಕತ್ತಲೆ. ಹೋದ ಬುಧವಾರ ಇಂತಿಸಾರ್ ಬಂದು ಮಾತಾಡಿಸಿದ್ಲಲ್ಲ, ದನಿ ಕೇಳಿಸ್ತು, ಮುಖ ಕಾಣಿಸ್ಲಿಲ್ಲ."

ಇಂತಿಸಾರ್‌ಳ ಪೆನ್ನು ನಿಂತಿತು. ಮೂರು ವರ್ಷದಿಂದ ಬಂದಾಗಲೆಲ್ಲ ಕೇಳುತ್ತಿದ್ದೇನೆ, ಒಂದು ದಿನವೂ ಹೇಳಲಿಲ್ಲವಲ್ಲ ಉಮ್ ವಿಸಾಮ್, ಎಂದಳು. ಅವಳ ಕಣ್ಣು ತುಂಬಿತ್ತು.

"ಹೇಳಿದ್ರೆ ಹೋಗಬೇಡ ಅಂತಿದ್ರಿ," ಎಂದಳು ಖಾಲ್ತೊ. "ಹೋಗಬೇಡ ಅನ್ನಿಸ್ಕೊಳೋದಕ್ಕಿಂತ ಕಾಲು ನೋವೇ ವಾಸಿ ಅಂತ ಸುಮ್ನಿದ್ದೆ. ಮಗಳು ಏಳು ವರ್ಷ ಕಾದಿದಾಳೆ."

ಏನೋ ಕೆಟ್ಟಿದೆ ಎಂದು ಗೊತ್ತಾದರೂ ನಡೆಯುತ್ತಿದೆ ಎಂದು ತೋರಿಸುತ್ತ ಹೋಗುವುದು ನಾನು ಬರೆದ ಪ್ರೋಗ್ರಾಂ ಮಾತ್ರವಲ್ಲ. ಅವಳಿಗೆ ಅದಕ್ಕೊಂದು ಕಾರಣವಾದರೂ ಇತ್ತು, ನನಗಿದ್ದದ್ದು ಗುರುವಾರದ ಅವಸರ. ಕೊಳವೆಯಿಲ್ಲದ ಅವಳ ಇನ್ನೊಂದು ಕೈಯನ್ನು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಖಾಲ್ತೊ ಹೇಳಿದ್ದನ್ನೆಲ್ಲ ಇಂತಿಸಾರ್ ಬರೆದು, ಅಲ್ಲಿದ್ದ ಡಾಕ್ಟರ ಸಹಿ ಹಾಕಿಸಿ, ಒಂದೂ ನಲವತ್ತಕ್ಕೆ ಕಳಿಸಿದಳು. ಎರಡಕ್ಕೆ ಆರು ನಿಮಿಷ ಇರುವಾಗ ಮೆಕ್ನೆಸ್‌ನಿಂದ ಉತ್ತರ ಬಂತು. ಕುರ್ಚಿ ಖಾತ್ರಿ. ನಾಲ್ಕರ ಬದಲು ಐದು ಗಂಟೆ ಕೂರಿಸುತ್ತೇವೆ, ನೀರು ನಿಧಾನವಾಗಿ ತೆಗೆಯುತ್ತೇವೆ. ಕೆಳಗೆ ಡಾಕ್ಟರಮ್ಮ ಕೈಯಾರೆ ಸೇರಿಸಿದ್ದ ಒಂದು ಸಾಲು: 'ಈಕೆ ಸುಮ್ಮನಿದ್ದರೆ ನಂಬಬೇಡಿ.' ಓದಿ ಹೇಳಿದಾಗ ಖಾಲ್ತೊಗೆ ಸಿಟ್ಟು ಬಂತು. ಆಮೇಲೆ ನಗು ಬಂತು.

ಆ ವಾರ ಪೂರ್ತಿ ನಾನೂ ಅಬ್ದಲ್‌ಹಖ್ ಫೋನಿನಲ್ಲೇ ಕಳೆದೆವು. ಇನ್ನು ಮೇಲೆ ಇಲ್ಲ ಎನ್ನುವುದನ್ನು ಎರಡೂ ಕಡೆಯವರು ಬಿಚ್ಚಬಲ್ಲ ಸಾದಾ ಅಕ್ಷರಗಳಲ್ಲೇ ಕಳಿಸುವುದೆಂದಾಯಿತು. ಒಂದು ಸಂಖ್ಯೆ, ಆಮೇಲೆ ಇಲ್ಲ ಎಂಬ ಮಾತು, ಯಾಕೆ ಎಂಬುದು, ಬದಲಿಗೆ ಏನಿದೆ, ಎಂದಿನವರೆಗೆ ಇದೆ. ಗುರುತು ಸಿಗದ್ದು ಬಂದರೆ 'ನಮಗೆ ಅರ್ಥವಾಗಲಿಲ್ಲ, ಕೇಂದ್ರಕ್ಕೆ ಫೋನು ಮಾಡಿ' ಎಂದು ಕೆಂಪಕ್ಷರದಲ್ಲಿ ತೋರಿಸುವಂತೆ ನನ್ನ ನಾಲ್ಕು ಸಾಲು ಅಳಿಸಿ ಬರೆದೆ. ಅಬ್ದಲ್‌ಹಖ್ ಒಂದೇ ಒಂದು ಹಟ ಹಿಡಿದ. ಎಲ್ಲ ಹೇಳಿದ ಮೇಲೆ ಕೊನೆಗೆ 'ದೇವರು ಹಗುರ ಮಾಡಲಿ' ಇರಲೇಬೇಕಂತೆ. ಇಲ್ಲ ಎಂದಾದ ಮೇಲೆ ಹಾಗನ್ನುವುದರಲ್ಲಿ ತಪ್ಪೇನು ಎಂದು ಬಿಟ್ಟುಕೊಟ್ಟೆ.

ಹಳೆಯ ದಾಖಲೆ ಹುಡುಕಿದಾಗ ಅದೇ ಸಾಲು ಓದಿದವರು ಇನ್ನೂ ಹನ್ನೊಂದು ಜನ ಸಿಕ್ಕಿದರು. ಆರು ಜನರ ಗಂಟಿನಲ್ಲಿ ಬೇರೆ ಊರಿನ ಕುರ್ಚಿ ಇತ್ತು. ಒಬ್ಬೊಬ್ಬರಿಗೂ ನಾನೇ ಫೋನು ಮಾಡಿದೆ. ಕೆಲವರು ಬೈದರು, ಬೈಸಿಕೊಂಡೆ. ಝರ್ಕಾ ಊರಿನ ಒಬ್ಬರು ಮಾತ್ರ ಬೈಯಲಿಲ್ಲ. ಫೆಸ್‌ನಲ್ಲಿರುವ ಅಣ್ಣನನ್ನು ನೋಡಲು ಅರ್ಜಿ ಹಾಕಿದ್ದವರು. "ಹಗುರ ಮಾಡ್ತಾನೆ ಅಂತ ಬಂದಿತ್ತಲ್ಲಮ್ಮ, ಕಾಯ್ತಾ ಇದೀನಿ," ಎಂದರು. ಏಳು ತಿಂಗಳಾಗಿತ್ತು. ಆಗ ಕುರ್ಚಿ ಇತ್ತು, ನಾನು ಬರೆದದ್ದರಿಂದ ನಿಮಗೆ ಕಾಣಲಿಲ್ಲ, ಎಂದೆ. ಈಗ ಇದೆಯಾ ಎಂದು ಕೇಳಿದರು. ಈಗ ಇರಲಿಲ್ಲ. ಇಲ್ಲ ಎಂದೇ ಹೇಳಿದೆ, ಬರುವ ತಿಂಗಳು ಹತ್ತರ ಮೇಲೆ ಇದೆ ಎಂದೂ ಹೇಳಿದೆ. ಅವರ ಹೆಸರನ್ನು ಅಲ್ಲಿಗೆ ಸೇರಿಸಿದ್ದೇನೆ.

ಮುಂದಿನ ಮಂಗಳವಾರ ಖಾಲ್ತೊಳ ದನಿಯ ಮೆಸೇಜ್ ಬಂತು. ಹಿಂದೆ ರೈಲಿನ ಸದ್ದು.

"ಇಲ್ಲಿ ಎಲ್ರೂ ಸಿಕ್ಕಿದ ಕೂಡ್ಲೆ 'ಲಾ ಬಾಸ್?' ಅಂತಾರೆ ಖಾಲ್ತೊ. ತೊಂದ್ರೆ ಏನಿಲ್ವಲ್ಲ ಅಂತ. ನಾವೂ 'ಲಾ ಬಾಸ್' ಅನ್ನಬೇಕಂತೆ, ರವಾನ್ ಹೇಳಿಕೊಟ್ಟಿದ್ಲು. ಅದನ್ನ ಬಿಟ್ಟು ಬೇರೆ ಉತ್ರನೇ ಇಲ್ವಂತೆ ಈ ಊರಲ್ಲಿ. ಇವತ್ತು ಕುರ್ಚೀಲಿ ಕೂತು ಮೂರು ಗಂಟೆ ಆಗಿತ್ತು. ನರ್ಸ್ ಹುಡುಗಿ ಬಂದು 'ಲಾ ಬಾಸ್?' ಅಂದ್ಲು. ನಾನಂದೆ, ಇದೆ ಕಣಮ್ಮ ಬಾಸ್. ಎಡಗಾಲು, ಮೊಣಕಾಲಿನ ಕೆಳಗೆ, ಹಿಂದುಗಡೆ. ಅವಳು ಗಾಬರಿಯಾಗಿ ಮುಖ ನೋಡಿದ್ಲು. ಆಮೇಲೆ ಮೆಷಿನ್‌ನ ಗುಂಡಿ ತಿರುಗಿಸಿ, ಕಾಲು ನೀವಿದ್ಲು. ಹೊರಟೇ ಹೋಯ್ತು ನೋಡು. ಮೂರು ವರ್ಷದಿಂದ ಇಷ್ಟೇನಾ ಇದ್ದದ್ದು?"

ಅಲ್ಲಿಗೆ ಮುಗಿಯಿತು. ನಾನು ಅದನ್ನು ನಾಲ್ಕು ಸಲ ಕೇಳಿದೆ. ನಾಲ್ಕನೆಯದು ಮುಗಿಯುವ ಹೊತ್ತಿಗೆ ಇನ್ನೊಂದು ಮೆಸೇಜ್ ಬಂದು ಬಿತ್ತು.

"ಮರೆತೇಹೋಗಿತ್ತು. ಬೆಳಗಿನ ಜಾವ ರವಾನ್‌ಗೆ ಹೆಣ್ಣು ಮಗು. ಮೂರು ಕಿಲೊ ಇನ್ನೂರು. ನಾನೇ ಮೊದಲು ಎತ್ಕೊಂಡಿದ್ದು. ಅಲ್ಹಮ್ದುಲಿಲ್ಲಾ."